ಹಾಡನ್ನು ಕ್ಯಾಸೆಟ್ಟು ನುಂಗಿತೇನು?

ತಡಸ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ನಿಂತವರಿಗೆ ಗೊತ್ತು, ಅಲ್ಲಿ ಯಾವ ಹೊತ್ತಿಗೂ ಒಂದು ಹಾಡು ಕಿವಿಗೆ ಬೀಳುತ್ತಿರುತ್ತದೆ. ಮೊದಲು ಚಹಾದಂಗಡಿಯ ಟೇಪ್ ರೆಕಾರ್ಡರಿನಿಂದ ಬರುತ್ತಿತ್ತು, ಈಗ ಯಾರದೋ ಕಿಸೆಯ ಮೊಬೈಲಿನಿಂದ ಬರುತ್ತದೆ. ಹುಬ್ಬಳ್ಳಿ ಕಡೆಯಿಂದ ಬಂದವರು, ಶಿಗ್ಗಾಂವಿಗೆ ಹೊರಟವರು, ಮುಂಡಗೋಡದ ಕಾಡಿಗೆ ಕೂಲಿಗೆ ತಿರುಗಿದವರು ಎಲ್ಲರೂ ಅದನ್ನು ಒಂದಲ್ಲ ಒಂದು ಸಲ ಗುನುಗಿದವರೇ. ‘ಕೋಡಗನ ಕೋಳಿ ನುಂಗಿತ್ತ’ ಎಂಬ ಆ ಪದ ಬರದ ಕನ್ನಡಿಗ ಇಲ್ಲ ಎಂದು ಭಾಷಣಕಾರರು ಹೇಳುತ್ತಾರೆ. ಇರಬಹುದು. ಆದರೆ ಅದನ್ನು ಹೆಂಗ ಹಾಡಬೇಕು ಎಂದು ಯಾರು ಹೇಳಬೇಕು ಎಂಬ ಪ್ರಶ್ನೆ ನಮ್ಮ ಮುಂದೆ ಬಂದದ್ದು ಒಂದು ಭಜನಾ ಸ್ಪರ್ಧೆಯಲ್ಲಿ.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಊರಿನಲ್ಲಿ ಆ ಸ್ಪರ್ಧೆ ನಡೆಯಿತು. ಊರಿನ ಹೆಸರು ಬೇಡ, ಏರ್ಪಡಿಸಿದವರ ಹೆಸರೂ ಬೇಡ. ನಮ್ಮ ಕೇರಿಯ ಮೇಳವೂ ಹೋಗಿತ್ತು. ಎಪ್ಪತ್ತು ದಾಟಿದ ಅಜ್ಜ ಮುಂದೆ ಕೂತು ಏಕತಾರಿ ಹಿಡಿದಿದ್ದ, ಹಿಂದೆ ನಾಲ್ಕು ಮಂದಿ ಹಿಮ್ಮೇಳ, ಒಂದು ದಮ್ಮಡಿ, ಎರಡು ಜೋಡಿ ತಾಳ. ಅಜ್ಜ ಇದೇ ಪದ ಎತ್ತಿಕೊಂಡ. ತನ್ನ ಅಪ್ಪ ಹಾಡುತ್ತಿದ್ದ ಮಟ್ಟಿನಲ್ಲಿ, ನಿಧಾನಕ್ಕೆ, ಒಂದೊಂದು ಸಾಲನ್ನೂ ಎರಡೆರಡು ಸಲ ಹಿಂದಕ್ಕೆ ಎಳೆದು, ಹಿಮ್ಮೇಳಕ್ಕೆ ಕೊಟ್ಟು, ತಿರುಗಿ ಇಸಿದುಕೊಂಡು ಹಾಡಿದ. ಮುಗಿದ ಮೇಲೆ ತೀರ್ಪುಗಾರರೊಬ್ಬರು ಮೈಕಿನಲ್ಲಿಯೇ ಹೇಳಿದರು:

“ಯಜಮಾನ್ರ, ಮಟ್ಟು ತಪ್ಪೈತಿ. ಹಾಡು ಹಂಗಿಲ್ಲ. ಕ್ಯಾಸೆಟ್ ಕೇಳಿಕೊಂಡು ಬರ್ರಿ.”

ಅಜ್ಜ ಏಕತಾರಿ ಕೆಳಗಿಡಲಿಲ್ಲ. “ಶರೀಫಜ್ಜ ಯಾವ ಕ್ಯಾಸೆಟ್ ಕೇಳಿ ಹಾಡಿದ್ನ್ರೀ?” ಎಂದು ಕೇಳಿದ. ಮಂದಿ ನಕ್ಕರು. ಬಹುಮಾನ, ಕ್ಯಾಸೆಟ್ಟಿನ ಹಾಗೆಯೇ ಹಾಡಿದ ಮೇಳಕ್ಕೆ ಹೋಯಿತು. ನಗುವಿನಲ್ಲಿ ಮುಗಿದುಹೋಗಬಹುದಾಗಿದ್ದ ಈ ಮಾತು ನಮ್ಮನ್ನು ಬಿಡಲಿಲ್ಲ. ಈ ಲೇಖನ ಅದರ ಬೆನ್ನು ಹತ್ತಿ ಹೋದದ್ದರ ಫಲ.

ಶಿಶುನಾಳ ನಮ್ಮ ಶಿಗ್ಗಾಂವಿ ತಾಲ್ಲೂಕಿನದೇ ಊರು. ಕನಕದಾಸರ ಬಾಡವೂ ಇದೇ ತಾಲ್ಲೂಕು. ಕೀರ್ತನೆ ಮತ್ತು ತತ್ವಪದ ಎರಡೂ ಒಂದೇ ಮಣ್ಣಿನಲ್ಲಿ ಎದ್ದವು, ಒಂದನ್ನು ಕುರುಬ ಹಾಡಿದ, ಇನ್ನೊಂದನ್ನು ಸಾಬ ಹಾಡಿದ. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ತಂದೆ ಇಮಾಮಸಾಹೇಬ, ತಾಯಿ ಹಜ್ಜೂಮಾ. ಕೆಲಕಾಲ ಹಳ್ಳಿಯ ಸಾಲಿಯಲ್ಲಿ ಮಾಸ್ತರಿಕೆ ಮಾಡಿದರು. ಈ ಪತ್ರಿಕೆ ಓದುವ ಹಳ್ಳಿ ಮಾಸ್ತರರು ಇದನ್ನು ನೆನಪಿಟ್ಟುಕೊಳ್ಳಬೇಕು, ಶರೀಫರು ಮೊದಲು ನಿಮ್ಮವರು. ಆಮೇಲೆ ಕಳಸದ ಗೋವಿಂದಭಟ್ಟರು ಗುರುವಾಗಿ ಸಿಕ್ಕರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಗುರು ಶಿಷ್ಯನ ಕೊರಳಿಗೆ ಜನಿವಾರ ಹಾಕಿದ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಎರಡೂ ಜಾತಿಯ ದೊಡ್ಡವರು ಉರಿದುಬಿದ್ದರು ಎಂಬುದು ಆ ಕಥೆಯ ಉಳಿದರ್ಧ. ಅದನ್ನು ಇತ್ತೀಚೆಗೆ ಮೆಲ್ಲಗೆ ಹೇಳುತ್ತಾರೆ.

ಶರೀಫರು ತಮ್ಮ ಕಣ್ಣಿಗೆ ಬಿದ್ದುದನ್ನೆಲ್ಲ ಪದಕ್ಕೆ ತಂದರು. ಸೋರುವ ಮಾಳಗಿ, ತಂಬೂರಿ, ಗುಡುಗುಡಿ, ಮುದುಕಿ. ಹುಬ್ಬಳ್ಳಿ ಕಡೆ ಹತ್ತಿ ಗಿರಣಿ ಬಂದ ಕಾಲದಲ್ಲಿ ಗಿರಣಿಯ ಮೇಲೂ ಒಂದು ಪದ ಕಟ್ಟಿದರು. ಮೊಹರಂಗೆ ರಿವಾಯತ್ ಪದ ಬರೆದರು. ಶಿಶುನಾಳದ ಬಸವಣ್ಣನನ್ನು ಅಂಕಿತ ಮಾಡಿಕೊಂಡರು. ಮಸೂತಿಯೂ ಗುಡಿಯೂ ಇವರನ್ನು ಪೂರ್ತಿ ತಮ್ಮೊಳಗೆ ಕರೆದುಕೊಳ್ಳಲು ಆಗದ ಹಾಗೆ ಬದುಕಿದರು, ಸತ್ತ ಮೇಲೆ ಎರಡೂ ರೀತಿಯ ಸಂಸ್ಕಾರ ಮಾಡಿದರಂತೆ.

ಕೋಳಿ ಕೋಡಗನನ್ನು ನುಂಗುವ ಈ ಪದದ ಒಳಗೆ ಏನೇನಿದೆ ನೋಡಿ. ಆಡು ಆನೆಯನ್ನು ನುಂಗುತ್ತದೆ, ಗೋಡೆ ತನಗೆ ಬಳಿದ ಸುಣ್ಣವನ್ನು ನುಂಗುತ್ತದೆ. ಇದು ತಮಾಷೆ. ಆಮೇಲೆ ಒಳ್ಳು, ಒನಕಿ, ಬೀಸುವ ಕಲ್ಲು, ಅದರ ಗೂಟ, ಮಗ್ಗ, ಲಾಳಿ ಬರುತ್ತವೆ. ಇವೆಲ್ಲ ದುಡಿಯುವವರ ಮನಿಯ ಸಾಮಾನು. ಕುಣಿಯಲು ಬಂದ ಪಾತರದವಳನ್ನು ಮದ್ದಳೆ ನುಂಗುತ್ತದೆ. ಪಂಡಿತರು ಇದಕ್ಕೆ ಅಲ್ಲಮನ ಬೆಡಗಿನ ದಾರಿ ಹಿಡಿದು ಅರ್ಥ ಹೇಳುತ್ತಾರೆ: ಕೋಡಗ ಎಂದರೆ ಚಂಚಲ ಮನಸ್ಸು, ಕೋಳಿ ಎಂದರೆ ಅರಿವು, ಕೊನೆಗೆ ಗುರುವಿನ ಪಾದವೇ ನಾನು ಎಂಬುದನ್ನು ನುಂಗುತ್ತದೆ. ತಪ್ಪಲ್ಲ. ಆದರೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಜೀವ ತೇಯ್ದವರ ಮನಿಯಲ್ಲಿ, ಜೋಗತಿಯರನ್ನು ಕಂಡ ಕೇರಿಯಲ್ಲಿ ಈ ಸಾಲುಗಳು ಬೇರೆ ರೀತಿ ಕೇಳಿಸುತ್ತವೆ. ನಮ್ಮ ಅಜ್ಜನಿಗೆ ಅರ್ಥ ಕೇಳಿದರೆ, “ದುಡಿಯೋನ್ನ ಅವನ ಸಾಮಾನ ನುಂಗ್ತಾವು, ಮತ್ತೇನ” ಎಂದು ಬೀಡಿ ಹಚ್ಚುತ್ತಾನೆ. ಆ ಪಾತರದವಳ ಸಾಲನ್ನು ದೊಡ್ಡ ವೇದಿಕೆಗಳಲ್ಲಿ ಕುಣಿಕುಣಿದು ಹಾಡುವುದನ್ನು ಕೇಳಿದಾಗ, ಆಕೆ ಯಾವ ಕೇರಿಯಿಂದ ಬಂದವಳು ಎಂದು ಹಾಡುವವರಿಗೆ ಒಮ್ಮೆ ಕೇಳಬೇಕು ಅನ್ನಿಸುತ್ತದೆ.

ಶರೀಫರು ತೀರಿಕೊಂಡು ಸುಮಾರು ನೂರು ವರ್ಷ ಈ ಪದವನ್ನು ಯಾರು ಉಳಿಸಿದರು? ರೇಡಿಯೋ ಬರುವ ಮೊದಲೇ ಅದು ಊರೂರು ತಿರುಗಿತ್ತು. ಭಜನಿ ಮನಿಗಳು, ಏಕತಾರಿ ಹಿಡಿದು ಭಿಕ್ಷೆಗೆ ಬರುವವರು, ರಾಶಿ ಕಣಗಳು, ಹಂತಿ ಹೊಡೆಯುವವರು, ಜಾತ್ರಿಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ಮಂದಿ ಉಳಿಸಿದರು. ಒಬ್ಬರದೂ ಹೆಸರಿಲ್ಲ. ಮಟ್ಟು ಊರಿಗೊಂದು. ಮಳಿಗಾಲದ ಭಜನಿಗೆ ಒಂದು ಲಯ, ಹೆಣದ ಮುಂದಿನ ಭಜನಿಗೆ ಇನ್ನೊಂದು ಲಯ. ಒಬ್ಬ ಮರೆತ ಸಾಲನ್ನು ಇನ್ನೊಬ್ಬ ತನ್ನ ಕಸುಬಿನಿಂದ ತುಂಬಿದ. ಪದದ ಚೌಕಟ್ಟೇ ಹಾಗಿದೆ, ಒಂದು ಇನ್ನೊಂದನ್ನು ನುಂಗಿದರೆ ಸಾಲು ಆಯಿತು.

ಇಷ್ಟು ಹೇಳಿ ಭಜನಿ ಮನಿಯನ್ನು ಹೊಗಳಿ ಬಿಟ್ಟರೆ ನಾವು ಸುಳ್ಳು ಹೇಳಿದಂತೆ. ಭಜನಿ ಮನಿಯ ಒಳಗೆ ಎಲ್ಲರೂ ಕೂತಿರಲಿಲ್ಲ. ನಮ್ಮ ಹಿರಿಯರು ಹೊರಗಿನ ಕಟ್ಟೆಯ ಕೆಳಗೆ ನಿಂತು ಹಿಮ್ಮೇಳ ಕೊಟ್ಟವರು. ಪೇಟಿ ಒಳಗ, ಹಲಗಿ ಹೊರಗ. ಗುರುವಿನ ಪಾದ ಅಹಂಕಾರವನ್ನು ನುಂಗುವ ಪದ ಒಳಗೆ ನಡೆದಿರುವಾಗ ಹೊಸ್ತಿಲು ನಮ್ಮ ಮನುಷ್ಯನನ್ನು ನುಂಗುತ್ತಿತ್ತು. ಅದಕ್ಕೇ ಕೇರಿಯವರು ತಮ್ಮ ಮೇಳ ಕಟ್ಟಿಕೊಂಡರು. ಹಲಗಿ ಮತ್ತು ಶರೀಫರ ಪದ ಎದುರಾಎದುರು ಕೂಡುತ್ತಿದ್ದ ಒಂದೇ ಜಾಗ ಮೊಹರಮ್ಮಿನ ಅಲಾವಿ ಕುಣಿಯ ಸುತ್ತಲಿನ ಬಯಲು. ಅಲ್ಲಿ ಒಳಗು ಹೊರಗು ಇರಲಿಲ್ಲ. ಅಜ್ಜ ಹಾಡುವ ಆ ‘ತಪ್ಪಿದ’ ಮಟ್ಟಿನಲ್ಲಿ ಹಲಗಿಯ ಪೆಟ್ಟು ಇದೆ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಸಾಲಿನ ನಡುವೆ ಆತ ತಡೆದು ನಿಲ್ಲುವ ಜಾಗ ಹಲಗಿ ಬೀಳುವ ಜಾಗ. ಹಲಗಿ ಇಲ್ಲದೆ ಕೇಳಿದರೆ ತಾಳ ತಪ್ಪಿದ ಹಾಗೆಯೇ ಇರುತ್ತದೆ.

ಇಲ್ಲಿಂದ ಸ್ವಲ್ಪ ದೂರ ಹೋಗಿ ಬರಬೇಕು. 1972ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿದಾಗ ಆ ಹೆಸರು ಬಂದದ್ದು ಅಮೆರಿಕದ ಕರಿಯರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. ನಾವು ಅವರ ಹೆಸರು ತಂದೆವು, ಅವರ ಕವಿತೆ ಓದಿದೆವು, ಅವರ ಹಾಡಿನ ಚರಿತ್ರೆಯನ್ನು ಮಾತ್ರ ಅಷ್ಟಾಗಿ ಕೇಳಲಿಲ್ಲ. ಜಾಝ್ ಎಂದರೆ ಶ್ರೀಮಂತರ ಹೋಟೆಲಿನ ಸಂಗೀತ ಎಂದುಕೊಂಡವರು ನಮ್ಮಲ್ಲಿ ಬಹಳ. ಅದು ಹುಟ್ಟಿದ ನ್ಯೂ ಆರ್ಲಿಯನ್ಸ್ ಊರಿನಲ್ಲಿ ಕಾಂಗೋ ಚೌಕ ಎಂಬ ಬಯಲಿತ್ತು. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಗುಲಾಮರು ಭಾನುವಾರ ಮಾತ್ರ ಅಲ್ಲಿ ಸೇರಿ ತಮ್ಮ ಡೋಲು ಬಡಿದು ಕುಣಿಯಬಹುದಿತ್ತು. ನಮ್ಮ ಅಲಾವಿ ಬಯಲಿನ ನೆನಪಾಗುವುದು ಸಹಜ.

1903ರ ಸುಮಾರಿನಲ್ಲಿ, ಅಂದರೆ ಶರೀಫರು ತೀರಿಕೊಂಡ ಹದಿನಾಲ್ಕು ವರ್ಷಕ್ಕೆ, ಡಬ್ಲ್ಯೂ.ಸಿ. ಹ್ಯಾಂಡಿ ಎಂಬ ಕರಿಯ ಬ್ಯಾಂಡ್ ಮಾಸ್ತರ ಮಿಸಿಸಿಪ್ಪಿ ರಾಜ್ಯದ ಟಟ್ವೈಲರ್ ಎಂಬ ಸಣ್ಣ ಊರಿನ ಸ್ಟೇಶನ್ನಿನಲ್ಲಿ ತಡವಾದ ರೈಲಿಗೆ ಕಾಯುತ್ತ ತೂಕಡಿಸುತ್ತಿದ್ದ. ಗುಲಾಮಗಿರಿ ರದ್ದಾದ ಎಂಟು ವರ್ಷಕ್ಕೆ, 1873ರಲ್ಲಿ ಹುಟ್ಟಿದ ಮನುಷ್ಯ, ಓದು ಬರಹ ಬಲ್ಲವ, ಸ್ವರಲಿಪಿ ಬಲ್ಲವ. ಪಕ್ಕದಲ್ಲಿ ಹರಕು ಬಟ್ಟೆಯ, ಬೂಟಿನಿಂದ ಬೆರಳು ಹೊರಗೆ ಬಂದ ಒಬ್ಬ ಕರಿಯ ಗಿಟಾರಿನ ತಂತಿಯ ಮೇಲೆ ಚಾಕು ಒತ್ತಿ ನುಡಿಸುತ್ತ, ಎರಡು ರೈಲು ಹಾದಿ ಕೂಡುವ ಜಾಗದ ಬಗ್ಗೆ ಒಂದೇ ಸಾಲನ್ನು ಮೂರು ಸಲ ಹಾಡಿದ. ತಾನು ಅಲ್ಲಿಯವರೆಗೆ ಕೇಳಿದ್ದರಲ್ಲೆಲ್ಲ ಅತಿ ವಿಚಿತ್ರ ಸಂಗೀತ ಅದು ಎಂದು ಹ್ಯಾಂಡಿ 1941ರ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಆ ಹಾಡಿದವನ ಹೆಸರು ಮಾತ್ರ ಅದರಲ್ಲಿ ಇಲ್ಲ.

ಹ್ಯಾಂಡಿ ಆ ಜಾತಿಯ ಹಾಡನ್ನು ಬರಹಕ್ಕೆ ಇಳಿಸಿದ. 1912ರಲ್ಲಿ ‘ಮೆಂಫಿಸ್ ಬ್ಲೂಸ್’ ಅಚ್ಚಾಯಿತು, ಹಕ್ಕನ್ನು ಅಲ್ಪ ಹಣಕ್ಕೆ ಬಿಟ್ಟುಕೊಟ್ಟ, ಲಾಭ ಬೇರೆಯವರು ಉಂಡರು. ಬುದ್ಧಿ ಕಲಿತ. ತನ್ನದೇ ಪ್ರಕಾಶನ ಕಟ್ಟಿಕೊಂಡು 1914ರಲ್ಲಿ ‘ಸೇಂಟ್ ಲೂಯಿಸ್ ಬ್ಲೂಸ್’ ಹೊರಗೆ ತಂದ. ಗಂಡ ಬಿಟ್ಟುಹೋದ ಹೆಣ್ಣಿನ ದುಃಖದ ಪದ ಅದು. ಈ ನಡುವೆ 1917ರಲ್ಲಿ ಜಾಝ್ ಎಂಬ ಹೆಸರು ಹೊತ್ತ ಮೊದಲ ರೆಕಾರ್ಡು ಬಂತು. ಅದನ್ನು ನುಡಿಸಿದ ತಂಡ ಬಿಳಿಯರದು. ಇದರಲ್ಲಿ ಆಶ್ಚರ್ಯಪಡುವಂಥದ್ದು ನಮ್ಮ ದೇಶದ ಓದುಗರಿಗೆ ಏನೂ ಇಲ್ಲ.

1925ರ ಜನವರಿಯಲ್ಲಿ ಬೆಸ್ಸಿ ಸ್ಮಿತ್ ಎಂಬ ಕರಿಯ ಗಾಯಕಿ ‘ಸೇಂಟ್ ಲೂಯಿಸ್ ಬ್ಲೂಸ್’ ಹಾಡಿ ರೆಕಾರ್ಡು ಮಾಡಿದಳು. ಲೂಯಿ ಆರ್ಮ್‌ಸ್ಟ್ರಾಂಗ್ ಕಾರ್ನೆಟ್ ಊದಿದ. ಇನ್ನೊಬ್ಬ, ಫ್ರೆಡ್ ಲಾಂಗ್‌ಶಾ, ಏನು ನುಡಿಸಿದ ಗೊತ್ತೆ? ಪೇಟಿ! ನಮ್ಮ ಭಜನಿ ಮನಿಯ ಪೇಟಿಯ ಅಣ್ಣತಮ್ಮನಂಥ ಹಾರ್ಮೋನಿಯಂ. ಮೊಬೈಲಿನಲ್ಲಿ ಹುಡುಕಿ ಅದನ್ನು ಅಜ್ಜನಿಗೆ ಕೇಳಿಸಿದೆವು. ಭಾಷೆ ತಿಳಿಯದ ಅಜ್ಜ ಕಣ್ಣು ಮುಚ್ಚಿ ಕೇಳಿ, “ಈಕಿ ಹಾಡಾಕತ್ತಾಳ, ಅಂವ ಹಿಮ್ಮೇಳ ಕೊಡಾಕತ್ತಾನ” ಎಂದ. ಸರಿಯಾಗಿಯೇ ಹೇಳಿದ. ಆಕೆ ಒಂದು ಸಾಲು ಬಿಟ್ಟಾಗ ಕಾರ್ನೆಟ್ ಅದನ್ನು ಎತ್ತಿಕೊಂಡು ಉತ್ತರ ಕೊಡುತ್ತದೆ. ಆ ಬೆಸ್ಸಿ ಸ್ಮಿತ್ 1937ರಲ್ಲಿ ಮಿಸಿಸಿಪ್ಪಿಯಲ್ಲಿ ಕಾರು ಅಪಘಾತದಲ್ಲಿ ಸತ್ತಳು. 1970ರವರೆಗೆ, ಮೂವತ್ತಮೂರು ವರ್ಷ, ಆಕೆಯ ಗೋರಿಗೆ ಹೆಸರಿನ ಕಲ್ಲೂ ಇರಲಿಲ್ಲ.

ಮುಂದೆ ಆ ಹಾಡನ್ನು ಹಾಡದ, ನುಡಿಸದ ಜಾಝ್ ಮೇಳ ಇಲ್ಲ ಎನ್ನುವಷ್ಟಾಯಿತು. ಆರ್ಮ್‌ಸ್ಟ್ರಾಂಗನೇ 1929ರಲ್ಲಿ ಒಂದು ರೀತಿ ಹಾಡಿದ, 1954ರಲ್ಲಿ ಇನ್ನೊಂದು ರೀತಿ ಹಾಡಿದ. ಇಂಥ ಹಾಡಿಗೆ ಅವರು ‘ಸ್ಟ್ಯಾಂಡರ್ಡ್’ ಎನ್ನುತ್ತಾರೆ. ಈ ಮಾತಿನಲ್ಲಿಯೇ ನಮ್ಮ ಗೊಂದಲ ಬಿಚ್ಚಿಕೊಂಡಿತು. ನಮ್ಮ ತೀರ್ಪುಗಾರರಿಗೆ ಸ್ಟ್ಯಾಂಡರ್ಡ್ ಅಂದರೆ ಎಲ್ಲರೂ ಒಂದೇ ಥರ ಮಾಡಬೇಕಾದದ್ದು. ಜಾಝಿನವರಿಗೆ ಅದು ಎಲ್ಲರಿಗೂ ಬರುವ, ಅದಕ್ಕಾಗಿಯೇ ಪ್ರತಿಯೊಬ್ಬನೂ ಬೇರೆ ಥರ ಹಾಡಬಹುದಾದ ಹಾಡು. ಮೊದಲು ಎಲ್ಲರೂ ಕೂಡಿ ಮಟ್ಟನ್ನು ಒಮ್ಮೆ ತೋರಿಸುತ್ತಾರೆ, ಆಮೇಲೆ ಒಬ್ಬೊಬ್ಬರೇ ಎದ್ದು ಅದನ್ನು ಮುರಿದು ಕಟ್ಟುತ್ತಾರೆ, ಕೊನೆಗೆ ಎಲ್ಲರೂ ಮತ್ತೆ ಮಟ್ಟಿಗೆ ಬರುತ್ತಾರೆ. ಹಿಂದಿನವ ನುಡಿಸಿದ್ದನ್ನು ಹಾಗೆಯೇ ನುಡಿಸುವವನಿಗೆ ಅಲ್ಲಿ ಮರ್ಯಾದೆ ಕಡಿಮೆ. ಆ ಲೆಕ್ಕದಲ್ಲಿ ಕೋಡಗನ ಕೋಳಿ ನೂರು ವರ್ಷ ಕಾಲ ನಮ್ಮ ಸೀಮೆಯ ಸ್ಟ್ಯಾಂಡರ್ಡೇ ಆಗಿತ್ತು, ಹೆಸರಿಡುವವರು ಇರಲಿಲ್ಲ ಅಷ್ಟೆ.

ಈಗ ಕ್ಯಾಸೆಟ್ಟಿನ ವಿಷಯ. 1980ರ ದಶಕದಲ್ಲಿ ಸಿ. ಅಶ್ವತ್ಥರು ಶರೀಫರ ಪದಗಳಿಗೆ ರಾಗ ಹಾಕಿದರು. ಪದಗಳನ್ನು ಆರಿಸಿ ಅವರ ಕೈಗಿಟ್ಟು ಬೆನ್ನಿಗೆ ನಿಂತವರು ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು. ಕೋಡಗನ ಕೋಳಿಯನ್ನು ಹಾಡಿದವರು ‘ಕಾಡು ಕುದುರೆ’ಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ. ಆ ದನಿಯಲ್ಲಿ ಅದು ಎಂಥ ಬೆಂಕಿ ಹತ್ತಿಸಿತು ಎಂಬುದನ್ನು ಆ ಕಾಲ ಕಂಡವರಿಗೆ ಹೇಳಬೇಕಾಗಿಲ್ಲ. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದಭಟ್ಟರಾದರು, ಸಂಗೀತ ಅಶ್ವತ್ಥರದೇ. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂತು.

ಅಶ್ವತ್ಥರನ್ನು ಬೈಯಲು ನಾವು ಇದನ್ನು ಬರೆಯುತ್ತಿಲ್ಲ. ಮೈಸೂರು ಸೀಮೆಯ ಎಷ್ಟೋ ಮನಿಗಳಿಗೆ ಶರೀಫರ ಹೆಸರು ಹೋದದ್ದೇ ಆ ಕ್ಯಾಸೆಟ್ಟುಗಳಿಂದ. ಧಾರವಾಡದ ಮಾತೆಂದರೆ ಸಿನಿಮಾದಲ್ಲಿ ನಗಿಸಲಿಕ್ಕೆ ಎಂದುಕೊಂಡಿದ್ದ ಕಾಲದಲ್ಲಿ ‘ನುಂಗಿತ್ತ’ ಎಂಬ ನಮ್ಮ ಬಾಯಿಯ ಮಾತು ಬೆಂಗಳೂರಿನ ಸಭಾಂಗಣದಲ್ಲಿ ಘನವಾಗಿ ನಿಂತಿತು. 2009ರಲ್ಲಿ ಅಶ್ವತ್ಥರು ಹೋದಾಗ ನಮ್ಮಲ್ಲಿ ಹಲವರು ಮನಿಯವರು ಹೋದ ಹಾಗೆ ಅತ್ತರು. ಆ ರಾಗ ಅವರದು, ಅದನ್ನು ಕಟ್ಟಿದ ಶ್ರಮ ಅವರದು, ಅವರ ಹೆಸರು ಇರಲೇಬೇಕು.

ನಮ್ಮ ತಕರಾರು ಎರಡೇ. ಮೊದಲನೆಯದು: ಕ್ಯಾಸೆಟ್ಟಿನ ಮೇಲೆ ರಚನೆ, ಸಂಗೀತ, ಗಾಯನ ಎಂದು ಮೂರು ಹೆಸರಿಗೆ ಜಾಗ ಇರುತ್ತದೆ. ರಚನೆಗೂ ಸಂಗೀತಕ್ಕೂ ನಡುವೆ ನೂರು ವರ್ಷ ಪದವನ್ನು ಬಾಯಲ್ಲಿಟ್ಟುಕೊಂಡು ಬಂದವರಿಗೆ ಯಾವ ಜಾಗವೂ ಇಲ್ಲ. ಟಟ್ವೈಲರಿನ ಆ ಹರಕು ಬೂಟಿನವನಾದರೂ ಹ್ಯಾಂಡಿಯ ಪುಸ್ತಕದಲ್ಲಿ ಒಂದು ಪುಟ ಪಡೆದ. ನಮ್ಮವರಿಗೆ ಅದೂ ಇಲ್ಲ. ಎರಡನೆಯದು: ಭಾವೈಕ್ಯದ ಭಾಷಣ. ಶರೀಫರನ್ನು ಹಿಂದೂ ಮುಸ್ಲಿಂ ಸಾಮರಸ್ಯದ ಚಿತ್ರಪಟ ಮಾಡಿ ಗೋಡೆಗೆ ಹಾಕಿದ್ದಾರೆ. ಬ್ರಾಹ್ಮಣ ಗುರು ಒಂದು ಕಡೆ, ಮುಸಲ್ಮಾನ ಶಿಷ್ಯ ಒಂದು ಕಡೆ, ಇಬ್ಬರ ಕೈ ಕೂಡಿಸಿದರೆ ಚಪ್ಪಾಳೆ. ಆ ಚಿತ್ರದಲ್ಲಿ ಕೇರಿ ಎಲ್ಲಿದೆ? ಕಟ್ಟೆಯ ಕೆಳಗೆ ನಿಂತು ಹಿಮ್ಮೇಳ ಕೊಟ್ಟವರು ಯಾವ ಮೂಲೆಯಲ್ಲಿದ್ದಾರೆ?

ಮಟ್ಟಿನ ಸಂಗತಿಯಲ್ಲಿ ಕ್ಯಾಸೆಟ್ಟಿನದೇ ತಪ್ಪು ಎಂದೂ ನಾವು ಹೇಳುವುದಿಲ್ಲ. ಅದು ಒಂದು ಮೇಳದ ಒಂದು ದಿನದ ಹಾಡು. ಬೆಸ್ಸಿಯ ರೆಕಾರ್ಡೂ ಅಷ್ಟೆ, ಆದರೆ ಆ ಮೇಲೆ ಬಂದವರು ಅದನ್ನೇ ಕಾನೂನು ಮಾಡಲಿಲ್ಲ. ನಮ್ಮಲ್ಲಿ ಸಾಲಿಯ ಗ್ಯಾದರಿಂಗು, ಸ್ಪರ್ಧೆ, ಟಿವಿ ಎಲ್ಲ ಸೇರಿ ಒಂದು ರೆಕಾರ್ಡನ್ನು ಪಠ್ಯಪುಸ್ತಕ ಮಾಡಿಬಿಟ್ಟವು. ಮಾಸ್ತರರೇ, ನಾವೂ ಇದರಲ್ಲಿ ಪಾಲುದಾರರು. ಹುಡುಗರಿಗೆ ಶರೀಫರ ಪದ ಕಲಿಸುವಾಗ ಊರಿನ ಭಜನಿ ಮೇಳದ ಮುದುಕನನ್ನು ಕರೆಯದೆ ಮೊದಲು ಟೇಪು, ಆಮೇಲೆ ಮೊಬೈಲು ಹಚ್ಚಿದವರು ನಾವೇ.

ಪದವನ್ನು ಮತ್ತೆ ಬಿಚ್ಚಿದವರೂ ಬಂದರು ಅನ್ನಿ. ರಘು ದೀಕ್ಷಿತರ ತಂಡ 2008ರ ಆಲ್ಬಮ್ಮಿನಲ್ಲಿ ಶರೀಫರ ಗುಡುಗುಡಿಯ ಪದವನ್ನೂ ಸೋರುವ ಮಾಳಗಿಯ ಪದವನ್ನೂ ಗಿಟಾರು, ಡ್ರಮ್ಮು, ಪಿಟೀಲಿನ ಜೊತೆ ಹಾಡಿತು. ಕಾಲಿಗೆ ಗೆಜ್ಜೆ ಕಟ್ಟಿಕೊಂಡು, ಪಂಚೆ ಉಟ್ಟು, ಹೊರದೇಶದ ವೇದಿಕೆಗಳಲ್ಲೂ ಹಾಡಿದರು. ಹಳಬರು ಕೆಲವರು ಮೂಗು ಮುರಿದರು. ನಾವು ಮುರಿಯಲಿಲ್ಲ. ಕಾಲೇಜು ಹುಡುಗರು ಕುಣಿದರೆ ಕುಣಿಯಲಿ. ಆದರೆ ಒಂದು ಮಾತು ಗಮನಿಸಿ: ಗಿಟಾರಿನವ ಮಟ್ಟು ಬದಲಿಸಿದರೆ ಅದಕ್ಕೆ ಪ್ರಯೋಗ ಎನ್ನುತ್ತಾರೆ, ಏಕತಾರಿಯವ ತನ್ನ ಅಪ್ಪನ ಮಟ್ಟು ಹಾಡಿದರೆ ತಪ್ಪೈತಿ ಎನ್ನುತ್ತಾರೆ.

ಕಳೆದ ಮಳಿಗಾಲ ನಾವು ಮೂರು ಜನ ಅಜ್ಜನ ಮನಿಗೆ ಮೂರು ಸಂಜೆ ಹೋಗಿ ಮೊಬೈಲಿನಲ್ಲಿ ಆ ಪದವನ್ನು ಹಿಡಿದುಕೊಂಡೆವು. ಮಾಳಗಿ ಸೋರುತ್ತಿತ್ತು, ಕೆಳಗೆ ಇಟ್ಟ ತಪ್ಪಲೆಗೆ ಹನಿ ಬೀಳುವ ಸದ್ದೂ ಅದರಲ್ಲಿ ಬಂದಿದೆ. ಮೂರು ಸಂಜೆ ಮೂರು ಥರ ಹಾಡಿದ. ಒಂದು ಸಂಜೆ ಮಗ್ಗದ ಸಾಲು ಬಿಟ್ಟ, ಇನ್ನೊಂದು ಸಂಜೆ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಸಾಲು ಸೇರಿಸಿದ. ಅದರಲ್ಲಿ ಸೊಸೈಟಿಯ ಸಾಲದ ಕಾಗದ ಎರಡೆತ್ತನ್ನು ನುಂಗಿತು. ಯಾವಾಗ ಕಟ್ಟಿದ್ದು ಎಂದು ಕೇಳಿದರೆ, “ನಮ್ಮಪ್ಪಂದಿರಬೇಕು, ಇಲ್ಲಾ ನಂದ ಇರಬೇಕು” ಎಂದ. ಮೂರನೆಯ ಸಂಜೆ ಮೊಮ್ಮಗ ಕೆಲಸದಿಂದ ಬಂದು, ಗೋಡೆಗೆ ತೂಗುಬಿಟ್ಟಿದ್ದ ಹಲಗಿ ಇಳಿಸಿ, ಒಲಿ ಮುಂದೆ ಹಿಡಿದು ಕಾಸಿಕೊಂಡು, ಅಜ್ಜ ತಡೆದು ನಿಲ್ಲುವ ಜಾಗದಲ್ಲಿ ಪೆಟ್ಟು ಹಾಕತೊಡಗಿದ. ತಪ್ಪಿದ್ದೆನಿಸಿದ್ದ ಮಟ್ಟು ಆಗ ಗಟ್ಟಿಯಾಗಿ ಕೂತಿತು.

ಅದೇ ಊರಿನಲ್ಲಿ ಈ ವರ್ಷವೂ ಸ್ಪರ್ಧೆ ಇದೆಯಂತೆ. ವಾದ್ಯಗಳ ಪಟ್ಟಿಯಲ್ಲಿ ಪೇಟಿ, ತಬಲಾ, ದಮ್ಮಡಿ, ತಾಳ ಎಂದು ಅಚ್ಚಾಗಿದೆ. ನಮ್ಮ ಮೇಳ ಹಲಗಿ ತರುತ್ತದೆ ಎಂದು ಕಾಗದ ಬರೆದು ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಅಜ್ಜ ಮಾತ್ರ ದಿನಾ ಸಂಜೆ ಮೊಮ್ಮಗನನ್ನು ಕೂರಿಸಿಕೊಂಡು ರೂಢಿ ಮಾಡಿಸುತ್ತಿದ್ದಾನೆ.